ತರಕಾರಿ ಮಡಿಯಲ್ಲಿ ಸಮ್ಮಾ ವಾಯಾಮ

 

*ಇಂದಿನ ಧಮ್ಮ ಚಿಂತನೆ*

ಮುಂಗಾರು ಹಿಡಿಯಿತೆಂದರೆ ನಮ್ಮ ಕೊಡಗಿನ ಹಿತ್ತಲುಗಳಲ್ಲಿ ಬೆಂಡೆ, ಬೀನ್ಸಿಗಿಂತ ಮೊದಲು ತಲೆ ಎತ್ತುವುದು ಕಳೆ. ಆದ್ದರಿಂದ ಅಷ್ಟಾಂಗ ಮಾರ್ಗದ ಸಮ್ಮಾ ವಾಯಾಮವನ್ನು ಇವತ್ತು ತರಕಾರಿ ಮಡಿಯಲ್ಲಿ ಕುಳಿತೇ ಓದೋಣ.

ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಈ ಸಮ್ಯಕ್ ಪ್ರಯತ್ನಕ್ಕೆ ನಾಲ್ಕು ಉದ್ದೇಶ ಹೇಳಿದ್ದಾರೆ. ಕೆಟ್ಟದ್ದು ಹುಟ್ಟದಂತೆ ತಡೆಯುವುದು, ಹುಟ್ಟಿದ್ದರೆ ಅಡಗಿಸುವುದು, ಒಳ್ಳೆಯದನ್ನು ಹುಟ್ಟಿಸುವುದು, ಹುಟ್ಟಿದ ಒಳ್ಳೆಯದನ್ನು ಬೆಳೆಸುವುದು. ಕಳೆ ನಿಭಾಯಿಸುವವರ ಕೆಲಸವೂ ಈ ನಾಲ್ಕೇ.

*1. ತಡೆಯುವುದು*
ಮಣ್ಣಿನಲ್ಲಿ ಕಳೆಬೀಜ ವರ್ಷಗಟ್ಟಲೆ ಮಲಗಿರುತ್ತದೆ. ಮಾರ್ಚ್-ಏಪ್ರಿಲ್‌ನ ಹೂಮಳೆಗೆ ಮಡಿ ಸಿದ್ಧಮಾಡಿ, ಬಿತ್ತದೆ ಹತ್ತು-ಹದಿನೈದು ದಿನ ಬಿಡಿ. ಮೊಳೆತ ಕಳೆಯನ್ನು ಬಿಸಿಲಿನ ದಿನ ಗುದ್ದಲಿಯಿಂದ ಮೇಲೆಮೇಲೆ ಕೆರೆದು ಹಾಕಿ. ಮತ್ತೆ ಆಳವಾಗಿ ಅಗೆಯಬೇಡಿ. ಅಗೆದರೆ ಕೆಳಗಿನ ಬೀಜ ಮೇಲೆ ಬರುತ್ತದೆ. ಸಸಿ ನೆಟ್ಟ ಮೇಲೆ ಸಿಲ್ವರ್ ಓಕ್ ತರಗೆಲೆ, ಬೀಜವಿಲ್ಲದ ಒಣಹುಲ್ಲು, ಚೆನ್ನಾಗಿ ಕೊಳೆತ ಕಾಫಿ ಸಿಪ್ಪೆ, ಯಾವುದಿದೆಯೋ ಅದನ್ನು ಎರಡು-ಮೂರು ಇಂಚು ಹೊದಿಸಿ. ಕಾಂಡದ ಸುತ್ತ ಎರಡು ಬೆರಳು ಜಾಗ ಬಿಡಿ. ನೀಲಿ-ಬಿಳಿ ಹೂಗೊಂಚಲಿನ ಊರಾಲ ಗಿಡದಂಥ ಕಳೆಗಳ ಬೀಜ ಮೊಳೆಯಲು ಬೆಳಕು ಬೇಕು. ಹೊದಿಕೆಯ ಕೆಳಗೆ ಅದು ಸಿಗುವುದಿಲ್ಲ. ಶನಿವಾರಸಂತೆ ಕಡೆಯವರಿಗೆ ಒಂದು ಎಚ್ಚರಿಕೆ: ಜೋರುಮಳೆಯಲ್ಲಿ ಹೊದಿಕೆ ತೆಳ್ಳಗಿರಲಿ, ಸಂಜೆ ಎತ್ತಿ ನೋಡಿ. ಆಫ್ರಿಕನ್ ಬಸವನಹುಳು ಅಡಗುವುದು ಅಂಥ ಜಾಗದಲ್ಲೇ.

*2. ಕೀಳುವುದು*
ಹೂ ಬಿಡುವ ಮೊದಲು, ಮಣ್ಣು ಹಸಿಯಾಗಿರುವಾಗ ಕಿತ್ತರೆ ಬೇರು ಸಮೇತ ಬರುತ್ತದೆ. ಹೂ ಬೀಜವಾದರೆ ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಆದರೆ ಗರಿಕೆ, ಕೊನ್ನಾರಿ ಬೇರೆ ಜಾತಿಯ ಶತ್ರುಗಳು. ಗರಿಕೆಯ ಒಂದು ಗಿಣ್ಣು ಉಳಿದರೂ ಚಿಗುರುತ್ತದೆ. ಕೊನ್ನಾರಿಯ ಹುಲ್ಲು ಕೈಗೆ ಬಂದರೂ ಗಡ್ಡೆಗಳು ಸರಪಳಿಯಂತೆ ನೆಲದೊಳಗೆ ಉಳಿದಿರುತ್ತವೆ. ಅಗೆದು, ಗಡ್ಡೆ ಆರಿಸಿ, ಚಿಗುರಿದಾಗಲೆಲ್ಲ ಮತ್ತೆ ಅಗೆಯಬೇಕು. ಧಮ್ಮಪದದ ತಣ್ಹಾವಗ್ಗದಲ್ಲಿ ಲಾವಂಚದ ಬೇರಿನ ಹೋಲಿಕೆ ಬರುವುದು ಇದಕ್ಕೇ. ಮೇಲೆ ಸವರಿದವರಿಗೆ ಲಾವಂಚ ಸಿಕ್ಕದು.

ಈ ಕೊನ್ನಾರಿ ನಮ್ಮೊಳಗೂ ಇದೆ. ದೀಕ್ಷೆ ಪಡೆದಿದ್ದೇವೆ, ಇಪ್ಪತ್ತೆರಡು ಪ್ರತಿಜ್ಞೆ ಹೇಳಿದ್ದೇವೆ, ಮನೆಯಲ್ಲಿ ಬುದ್ಧ-ಬಾಬಾಸಾಹೇಬರ ಚಿತ್ರವಿದೆ. ಮಗಳ ಮದುವೆ ಮಾತು ಬಂದಾಗ ಮಾತ್ರ ‘ಅವರು ಎಡಗೈಯೋ ಬಲಗೈಯೋ’ ಎಂಬ ಪ್ರಶ್ನೆ ಮೆಲ್ಲಗೆ ಚಿಗುರುತ್ತದೆ. ಅದನ್ನು ಕೇಳಿದವರನ್ನು ಬೈದರೆ ಎಲೆ ಕೊಯ್ದಂತೆ ಅಷ್ಟೇ. ಆ ಪ್ರಶ್ನೆ ನಮಗೆ ಯಾಕೆ ಬೇಕಾಯಿತು, ಅದರಿಂದ ಯಾರಿಗೆ ಲಾಭ ಎಂದು ಮನೆಯವರೆಲ್ಲ ಕೂತು ಮಾತಾಡುವುದೇ ಗಡ್ಡೆ ಅಗೆಯುವ ಕೆಲಸ.

ಸುಲಭವೆಂದು ಕಳೆನಾಶಕ ಹೊಡೆಯುವುದು ಅಡುಗೆಮನೆಯ ತೋಟಕ್ಕೆ ಬೇಡ. ತೋಟದ ಕೆಲಸದಲ್ಲಿ ಮಿಕ್ಕಿದ್ದನ್ನು ನೀರಿನ ಬಾಟಲಿಯಲ್ಲಿ ಮನೆಗೆ ತಂದಿಡುವುದಂತೂ ಬೇಡವೇ ಬೇಡ. ಪ್ಯಾರಾಕ್ವಾಟ್ ಹೊಟ್ಟೆಗೆ ಹೋದರೆ ಅದಕ್ಕೆ ಪ್ರತಿವಿಷವೇ ಇಲ್ಲ; ಲೈನ್ ಮನೆಯಲ್ಲಿ ಮಕ್ಕಳ ಕೈಗೆ ಸಿಗದ ಜಾಗವೂ ಇಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ ಪ್ರತಿಜ್ಞೆಗಳಲ್ಲಿ ಸಕಲ ಜೀವಿಗಳ ಮೇಲಿನ ಕರುಣೆಯೂ ಒಂದು ಎಂಬುದು ನೆನಪಿರಲಿ.

*3. ಬಿತ್ತುವುದು*
ಬರಿಯ ನೆಲ ಬರಿದಾಗಿ ಉಳಿಯುವುದಿಲ್ಲ. ಕಳೆ ಕಿತ್ತ ಜಾಗಕ್ಕೆ ಅಂದೇ ಹರಿವೆ ಚೆಲ್ಲಿ, ಅಲಸಂದೆ ಊರಿ, ಸಿಹಿಗುಂಬಳದ ಬಳ್ಳಿ ಹಬ್ಬಿಸಿ. ಮನಸ್ಸಿಗೂ ಇದೇ ಮಾತು. ಹಳೆಯ ಆಚರಣೆ ಬಿಟ್ಟ ಮನೆಯಲ್ಲಿ ಆ ದಿನ ಖಾಲಿ ಉಳಿದರೆ ಹಳೆಯದೇ ಮರಳಿ ಬರುತ್ತದೆ. ಅಂದು ತ್ರಿಸರಣ-ಪಂಚಶೀಲ ಹೇಳೋಣ, ಮಕ್ಕಳಿಂದ ಒಂದು ಪುಟ ಓದಿಸೋಣ, ನೆರೆಯವರನ್ನು ಊಟಕ್ಕೆ ಕರೆಯೋಣ.

*4. ಬೆಳೆಸುವುದು*
ಸಸಿಗೆ ಮೊದಲ ನಾಲ್ಕರಿಂದ ಆರು ವಾರ ಮುಖ್ಯ. ಅಷ್ಟು ದಿನ ಕಾದರೆ ಅದರ ಎಲೆಯ ನೆರಳೇ ಮುಂದೆ ಕಳೆಯನ್ನು ಅಡಗಿಸುತ್ತದೆ. ಭಾನುವಾರ ಇಡೀ ದಿನ ಬೆನ್ನು ಬಗ್ಗಿಸುವುದಕ್ಕಿಂತ ದಿನಕ್ಕೆ ಹತ್ತು ನಿಮಿಷ ಲೇಸು. ಶಾಲೆಯ ಕೈತೋಟದಲ್ಲಿ ಮಕ್ಕಳಿಗೂ ನಾನು ಇದನ್ನೇ ಹೇಳುತ್ತೇನೆ. ಧ್ಯಾನವೂ ಹಾಗೆಯೇ, ಸ್ವಲ್ಪವೇ ಆದರೂ ದಿನವೂ.

ಕೊನೆಗೆ ಒಂದು ಮಾತು. ಗೋಣಿಸೊಪ್ಪು, ಒಂದೆಲಗ ಕೆಲವರಿಗೆ ಕಳೆ, ನಮಗೆ ಪಲ್ಯ, ಚಟ್ನಿ. ಎಸ್ಟೇಟುಗಳಲ್ಲಿ ಕೂಲಿಗೆ ಕಳೆ ಕಿತ್ತ ನಮ್ಮ ತಾಯಂದಿರು ಅದನ್ನು ಮಡಿಲಲ್ಲಿ ತುಂಬಿಕೊಂಡು ಬಂದೇ ಸಂಜೆಯ ಸಾರು ಮಾಡಿದ್ದು. ಬೇಡವೆಂದವರು ಇಟ್ಟ ಹೆಸರು ಕಳೆ. ನಮ್ಮ ಹಿರಿಯರನ್ನೂ ಊರಾಚೆ ಇಟ್ಟವರು ಹಾಗೆಯೇ ಕಂಡರು. ಧಮ್ಮಪದ ಮನುಷ್ಯರನ್ನು ಕೆಡಿಸುವ ಕಳೆಗಳೆಂದು ಎಣಿಸುವುದು ರಾಗ, ದ್ವೇಷ, ಮೋಹ, ಇಚ್ಛೆಗಳನ್ನು. ಆ ಪಟ್ಟಿಯಲ್ಲಿ ಯಾವ ಮನುಷ್ಯನೂ ಇಲ್ಲ, ಯಾವ ಕುಲವೂ ಇಲ್ಲ. ನಮ್ಮ ಬಳಗದಲ್ಲಿ ಭಿನ್ನಾಭಿಪ್ರಾಯ ಬಂದಾಗ ಕೀಳಬೇಕಾದದ್ದು ಆಲೋಚನೆಯನ್ನು. ಆಡಿದವರು ನಮ್ಮ ಜೊತೆಯಲ್ಲೇ ಇರಲಿ.

ಕನ್ನಡದಲ್ಲಿ ‘ಕಳೆ’ ಎಂದರೆ ಬೇಡದ ಗಿಡ, ‘ಕಳೆ’ ಎಂದರೆ ತೆಗೆದುಹಾಕು, ‘ಕಳೆ’ ಎಂದರೆ ಮುಖದ ಕಾಂತಿ. ಮೂರೂ ಅರ್ಥ ಒಂದೇ ಮಡಿಯಲ್ಲಿ ಸಿಗುತ್ತವೆ.

*ಇಂದಿನ ಅಭ್ಯಾಸ:* ಹತ್ತು ನಿಮಿಷ ಕಳೆ ಕೀಳಿ. ಕುಂಡವೋ ಗೋಣಿಚೀಲವೋ ಇದ್ದರೂ ಸಾಕು. ಕೀಳುತ್ತಾ ನಿಮ್ಮೊಳಗಿನ ಒಂದು ಕೊನ್ನಾರಿಯನ್ನು ಗುರುತಿಸಿ, ಅದರ ಜಾಗಕ್ಕೆ ಏನನ್ನು ಬಿತ್ತುವಿರಿ ಎಂದು ಮನೆಯವರೊಂದಿಗೆ ಮಾತಾಡಿ.

ಭವತು ಸಬ್ಬ ಮಂಗಲಂ. ಜೈಭೀಮ್.