ಗಾಡಿ ನಮ್ಮದು, ರಿಪೇರಿ ಯಾರದು?

ಎಚ್.ಡಿ. ಕೋಟೆ ಕಡೆ ಬಾಡಿಗೆಗೆ ಕಾರು ಓಡಿಸುವ ಮನೆಗಳಿವೆ. ಮದುವೆಗೆ, ಆಸ್ಪತ್ರೆಗೆ, ಕಬಿನಿ ಅಣೆಕಟ್ಟು ನೋಡಲು ಜನ ಕರೆಯುತ್ತಾರೆ. ಅಂಥ ಒಂದು ಮನೆಯ ಕಾರು ಕೆಟ್ಟು ನಿಂತಿತು ಅನ್ನಿ. ಕೊಂಡು ಒಂದೇ ವರ್ಷ. ಸಾಲದ ಕಂತು ಇನ್ನೂ ಇದೆ.

ಊರಿನ ಮೆಕ್ಯಾನಿಕ್ ನೋಡಿದ. "ಅಕ್ಕಾ, ದೊಡ್ಡ ಕೆಲಸ ಏನಲ್ಲ. ಆದ್ರೆ ಈ ಸಾಮಾನನ್ನ ಕಂಪನಿಯೋರು ನಮಗೆ ಕೊಡಲ್ಲ" ಅಂದ.

ಅಕ್ಕ ಶೋರೂಮಿಗೆ ಫೋನು ಮಾಡಿದಳು. "ಹೊರಗೆ ಕೈ ಹಾಕಿಸಿದ್ರೆ ವಾರಂಟಿ ಹೋಗುತ್ತಮ್ಮಾ. ಮೈಸೂರಿಗೇ ತನ್ನಿ" ಅಂದರು.

ಮೈಸೂರು ಸುಮಾರು 50 ಕಿಲೋಮೀಟರ್. ಕೆಟ್ಟ ಕಾರನ್ನು ಎಳೆಸಲು ಇನ್ನೊಂದು ಗಾಡಿ ಬೇಕು. ಅದಕ್ಕೆ ಬಾಡಿಗೆ. ಅಷ್ಟು ದಿನದ ದುಡಿಮೆಯೂ ಹೋಯಿತು. ದುಡ್ಡು ಕೊಟ್ಟು ಕೊಂಡವರು ನಾವು. ರಿಪೇರಿ ಎಲ್ಲಿ ಎಂದು ಹೇಳುವವರು ಅವರೇ?

ಇಂಥದ್ದೇ ದೂರನ್ನು 2011ರಲ್ಲಿ ಶಂಶೇರ್ ಕಟಾರಿಯಾ ಎಂಬುವರು ಭಾರತೀಯ ಸ್ಪರ್ಧಾ ಆಯೋಗಕ್ಕೆ ಕೊಟ್ಟರು. ದೊಡ್ಡ ಕಂಪನಿಗಳು ವ್ಯಾಪಾರವನ್ನು ತಮ್ಮ ಮುಷ್ಟಿಯಲ್ಲೇ ಇಟ್ಟುಕೊಳ್ಳದಂತೆ ನೋಡುವ ಆಯೋಗ ಇದು. ಮೊದಲು ದೂರು ಇದ್ದದ್ದು ಮೂರು ಕಂಪನಿಗಳ ಮೇಲೆ. 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ದಂಡ ಬಿತ್ತು. ಎಷ್ಟು? 2,544 ಕೋಟಿ ರೂಪಾಯಿಗೂ ಹೆಚ್ಚು. ಸೊನ್ನೆ ಬರೆಯಲು ಹೋಗಬೇಡಿ, ಸ್ಲೇಟು ಸಾಲದು! ಕಂಪನಿಗಳು ಮೇಲ್ಮನವಿಗೆ ಹೋದವು.

ಆಯೋಗ ಏನು ಹೇಳಿತು? ಬಿಡಿ ಸಾಮಾನು ಹೊರಗಿನ ಗ್ಯಾರೇಜಿನವರಿಗೂ ಸಿಗಬೇಕು. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ಇಡೀ ವಾರಂಟಿ ರದ್ದು ಮಾಡಬಾರದು. ಹೊರಗಿನ ಕೆಟ್ಟ ಕೆಲಸದಿಂದ ಏನು ಹಾಳಾಯಿತೋ ಅಷ್ಟಕ್ಕೆ ಮಾತ್ರ ವಾರಂಟಿ ಇಲ್ಲ ಅನ್ನಬಹುದು. ಹೊರಗೆ ಹಾರನ್ ಸರಿ ಮಾಡಿಸಿದಿರಿ ಎಂದು ಎಂಜಿನ್ನಿನ ವಾರಂಟಿ ಹೋಗಬಾರದು.

ಒಂದು ಮಾತು. ವಾರಂಟಿಯಲ್ಲಿ ಬಿಟ್ಟಿಯಾಗಿ ಆಗುವ ಕೆಲಸವನ್ನು ದುಡ್ಡು ಕೊಟ್ಟು ಹೊರಗೆ ಮಾಡಿಸಬೇಡಿ.

ಹಾಗಾದರೆ ಅಕ್ಕ ಏನು ಮಾಡಬಹುದು? "ವಾರಂಟಿ ಹೋಗುತ್ತೆ ಅಂತ ಬರೆದು ಕೊಡಿ ಸಾರ್" ಎಂದು ಕೇಳಬಹುದು. ಬರೆದು ಕೊಡಿ ಅಂದ ಕೂಡಲೇ ಎಷ್ಟೋ ಸಲ ಮಾತು ಮೆತ್ತಗಾಗುತ್ತದೆ. ಊರಿನ ಗ್ಯಾರೇಜಿನಲ್ಲಿ ಮಾಡಿಸಿದರೆ ಬಿಲ್ಲು ತೆಗೆದುಕೊಳ್ಳಬೇಕು. ಅದರಲ್ಲಿ ತಾರೀಖು, ಸಾಮಾನಿನ ಹೆಸರು, ಬೆಲೆ ಇರಬೇಕು.

ಆಗಲೂ ಬಗೆಹರಿಯದಿದ್ದರೆ 1915ಕ್ಕೆ ಫೋನು ಮಾಡಿ. ಇದು ಗ್ರಾಹಕರ ಸಹಾಯವಾಣಿ. ಕಾಸಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅದರ ಮೇಲೆ ಮೈಸೂರಿನಲ್ಲಿ ಜಿಲ್ಲಾ ಗ್ರಾಹಕರ ಆಯೋಗ ಇದೆ. ಎರಡು ವರ್ಷದ ಒಳಗೆ ದೂರು ಕೊಡಬೇಕು. ವಕೀಲರು ಬೇಕೇಬೇಕು ಎಂದಿಲ್ಲ. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ. 10 ಲಕ್ಷದವರೆಗೆ 200 ರೂಪಾಯಿ.

"ಬಾಡಿಗೆ ಗಾಡಿ, ನೀವು ಗ್ರಾಹಕರಲ್ಲ" ಎಂದು ಯಾರಾದರೂ ಅಂದಾರು. ಬೆದರಬೇಡಿ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡವರೂ ಗ್ರಾಹಕರೇ ಎಂದು 2019ರ ಗ್ರಾಹಕ ಕಾಯಿದೆ ಹೇಳುತ್ತದೆ.

ಮನೆಯಲ್ಲಿ ಮಾಡಿ: ನಿಮ್ಮ ಅಥವಾ ಪಕ್ಕದ ಮನೆಯ ಬೈಕು, ಕಾರು, ಟ್ರಾಕ್ಟರಿನ ವಾರಂಟಿ ಕಾಗದ ತೆಗೆಯಿರಿ. ಕೊಂಡ ತಾರೀಖು ಯಾವುದು? ವಾರಂಟಿ ಎಂದಿಗೆ ಮುಗಿಯುತ್ತದೆ? ಎರಡನ್ನೂ ಇಲ್ಲಿ ಬರೆಯಿರಿ.