ಮರೆವಿಗೊಂದು ಗಂಟು

ಕಳೆದ ವರ್ಷ ಮಗಳನ್ನು ಶಾಲೆಯಿಂದ ಕರೆತರುವುದನ್ನೇ ಮರೆತೆ. ಅಲಾರಂ ಹೊಡೆದಿತ್ತು, "ಇನ್ನೆರಡು ನಿಮಿಷ" ಎಂದು ಆರಿಸಿ ಕೋಡ್ ಬರೆಯುತ್ತಾ ಕುಳಿತಿದ್ದೆ. ಗೇಟಿನ ಬಳಿ ಅವಳೊಬ್ಬಳೇ ಅಳುತ್ತಾ ನಿಂತಿದ್ದಳು. ನಲವತ್ತೈದರಲ್ಲಿ ನನಗೆ ಎಡಿಎಚ್‌ಡಿ ಇದೆಯೆಂದು ತಿಳಿಯಿತು.

ಇದು ಸೋಮಾರಿತನವಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಹಾರ್ಡ್ ಡಿಸ್ಕ್ ಸರಿಯಿದೆ, ರ‍್ಯಾಮ್ ಕಡಿಮೆ: ಹೊಸ ವಿಚಾರ ಬಂದೊಡನೆ ಹಳೆಯದು ಜಾರುತ್ತದೆ.

ನನಗೆ ನೆರವಾದ ಮೂರು ಸೂತ್ರಗಳು:

1. ಕೆಲಸ ನೆನಪಾದ ಕ್ಷಣವೇ ಬರೆಯಿರಿ, ಅದೂ ಒಂದೇ ಪುಸ್ತಕದಲ್ಲಿ.

2. ಅಲಾರಂ ಬಾಗಿಲ ಬಳಿ, ಕಾರಿನ ಕೀಲಿಯ ಪಕ್ಕದಲ್ಲಿರಲಿ; ಆರಿಸಲು ಎದ್ದವರು ಹೊರಟೇಬಿಡಬೇಕು.

3. "ಹಲ್ಲುಜ್ಜಿದೊಡನೆ ಮಾತ್ರೆ" ಎಂದು ರೂಢಿಗೆ ಜೋಡಿಸಿ. "ಹೀಗಾದಾಗ ಹೀಗೆ ಮಾಡುವೆ" ಎಂಬ ಸಂಕಲ್ಪದ ಬಲವನ್ನು ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1999ರಲ್ಲಿ ವಿವರಿಸಿದ್ದಾರೆ.

ಅಜ್ಜಿ ಸೆರಗಿಗೆ ಗಂಟು ಹಾಕುತ್ತಿದ್ದುದೂ ಇದಕ್ಕೇ! ಮನೆಯಲ್ಲಿ ಮರೆಯುವ ಮಗುವಿದ್ದರೆ ಬೈಯಬೇಡಿ. ಗಂಟು ಹಾಕುವುದನ್ನು ಕಲಿಸಿ.