ಪುಟ್ಟ ಗಣಕದ ಬುತ್ತಿ

ಬೆಂಗಳೂರಿನ ದಕ್ಷಿಣ ಭಾಗದಲ್ಲಿ, ಬನಶಂಕರಿ ಮೂರನೆಯ ಹಂತಕ್ಕೆ ಹೊಂದಿಕೊಂಡಂತೆ ಇಟ್ಟಮಡು ಎಂಬ ಬಡಾವಣೆಯಿದೆ. ಒಂದು ಕಾಲಕ್ಕೆ ಹಳ್ಳಿಯಾಗಿದ್ದ ಈ ಸ್ಥಳವು ನಗರವು ಬೆಳೆದಂತೆ ಅದರೊಳಗೆ ಸೇರಿಹೋಯಿತು. ಇಲ್ಲಿಯ ಬೀದಿಯಲ್ಲಿ ನಿಂತು ಗಣಕಯಂತ್ರಗಳೆಷ್ಟಿವೆಯೆಂದು ಎಣಿಸಹೊರಟವನು ಅಂಗಡಿಗಳ ಮೇಜಿನ ಮೇಲಿರುವವನ್ನು ಮಾತ್ರ ಎಣಿಸಿ ತೃಪ್ತನಾದರೆ ಅವನ ಲೆಕ್ಕ ತಪ್ಪುತ್ತದೆ. ಬಸ್ಸಿನ ಹಣೆಯ ಮೇಲೆ ಊರಿನ ಹೆಸರನ್ನು ಬೆಳಕಿನ ಅಕ್ಷರಗಳಲ್ಲಿ ತೋರಿಸುವ ಫಲಕದೊಳಗೆ ಒಂದು ಗಣಕವಿದೆ. ನಿರ್ವಾಹಕನು ಕೈಯಲ್ಲಿ ಹಿಡಿದ ಟಿಕೆಟ್ ಯಂತ್ರದಲ್ಲಿ ಇನ್ನೊಂದಿದೆ. ಬಟ್ಟೆ ಒಗೆಯುವ ಯಂತ್ರದಲ್ಲಿ, ಲಿಫ್ಟಿನಲ್ಲಿ, ವಿದ್ಯುತ್ ಮೀಟರಿನಲ್ಲಿಯೂ ಅವು ಅಡಗಿ ಕುಳಿತಿವೆ. ಬೇರೊಂದು ಯಂತ್ರದ ಅಂಗವಾಗಿ, ಅದರ ಕೆಲಸಕ್ಕಾಗಿಯೇ ಅದರೊಳಗೆ ನೆಲೆಸಿರುವ ಇಂಥ ಗಣಕವನ್ನು ಅಂತರ್ಗತ ಗಣಕವೆಂದು ಕರೆಯಬಹುದು.

ಮೇಜಿನ ಮೇಲಿನ ಗಣಕಕ್ಕೂ ಇದಕ್ಕೂ ಇರುವ ಭೇದವು ಗಾತ್ರದ್ದು ಮಾತ್ರವಲ್ಲ. ಮೇಜಿನ ಗಣಕವು ಯಾರು ಯಾವ ಕೆಲಸ ಹೇಳಿದರೂ ಮಾಡಲು ಸಿದ್ಧವಾಗಿರಬೇಕು. ಆದುದರಿಂದ ಅದರಲ್ಲಿ ಸಾವಿರಾರು ಬಗೆಯ ತಂತ್ರಾಂಶಗಳನ್ನು ತುಂಬಿರುತ್ತಾರೆ. ಅವುಗಳಲ್ಲಿ ಅರ್ಧಕ್ಕೆ ಅರ್ಧ ಎಂದೂ ಉಪಯೋಗಕ್ಕೆ ಬಾರದಿದ್ದರೂ ನಷ್ಟವೇನಿಲ್ಲ. ಅಂತರ್ಗತ ಗಣಕಕ್ಕೆ ಈ ಸಿರಿತನವಿಲ್ಲ. ಅದರ ಸ್ಮೃತಿಕೋಶ ಸಣ್ಣದು, ವಿದ್ಯುತ್ತು ಮಿತವಾದುದು. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂಬ ಗಾದೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

ತೀರ ಸರಳವಾದ ಯಂತ್ರವಾದರೆ ಒಂದೇ ಕ್ರಮವಿಧಿಯು ಗಾಣದ ಎತ್ತಿನಂತೆ ಸುತ್ತುತ್ತಿದ್ದರೆ ಸಾಕು. ಆದರೆ ಒಂದೇ ಗಣಕವು ಹಲವು ಕೆಲಸಗಳನ್ನು ಏಕಕಾಲಕ್ಕೆ ನಿರ್ವಹಿಸಬೇಕಾದಾಗ ಅವುಗಳಿಗೆ ಸರದಿಯನ್ನು ಗೊತ್ತುಮಾಡುವ ಯಜಮಾನನೊಬ್ಬನು ಬೇಕಾಗುತ್ತಾನೆ. ಆ ಯಜಮಾನಿಕೆಯನ್ನು ವಹಿಸುವ ತಂತ್ರಾಂಶವೇ ಕಾರ್ಯಾಚರಣ ವ್ಯವಸ್ಥೆ. ಅದು ಒಂದೇ ಅಖಂಡ ವಸ್ತುವಲ್ಲ. ಅನೇಕ ಘಟಕಗಳ ಕೂಟ. ತೆರೆಯನ್ನು ನಡೆಸಲು ಒಂದು ಘಟಕ, ಕಡತಗಳನ್ನು ಕಾಪಾಡಲು ಒಂದು, ದೂರದ ಯಂತ್ರಗಳೊಡನೆ ಮಾತನಾಡಲು ಇನ್ನೊಂದು. ಯಂತ್ರವನ್ನು ನಿರ್ಮಿಸುವವರು ಈ ಘಟಕಗಳಲ್ಲಿ ತಮಗೆ ಬೇಕಾದವನ್ನು ಮಾತ್ರ ಆರಿಸಿಕೊಂಡು, ಪ್ರತಿಯೊಂದನ್ನೂ ತಮ್ಮ ಯಂತ್ರಕ್ಕೆ ತಕ್ಕಂತೆ ಹೊಂದಿಸಿ, ಎಲ್ಲವನ್ನೂ ಸೇರಿಸಿ ಕಟ್ಟುತ್ತಾರೆ.

ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೊರಟ ಯಾತ್ರಿಕನು ಬುತ್ತಿಯ ಗಂಟು ಕಟ್ಟುವ ರೀತಿಯನ್ನು ನೆನೆದರೆ ಈ ಕೆಲಸದ ಸ್ವರೂಪ ತಿಳಿಯುತ್ತದೆ. ಹೊರಲಾರದಷ್ಟು ಕಟ್ಟಿಕೊಂಡರೆ ದಾರಿಯಲ್ಲಿ ಬಸವಳಿಯುತ್ತಾನೆ, ಕಡಿಮೆಯಾದರೆ ಉಪವಾಸ. ಅಕ್ಕಿಯನ್ನು ತೆಗೆದುಕೊಂಡರೆ ಪಾತ್ರೆ ಬೇಕು. ಪಾತ್ರೆಯಿದ್ದರೆ ಬೆಂಕಿಪೊಟ್ಟಣ ಬೇಕು. ಅವಲಕ್ಕಿಯನ್ನೇ ಕಟ್ಟಿಕೊಂಡರೆ ಇವೆರಡೂ ಬೇಡ. ತಂತ್ರಾಂಶದ ಘಟಕಗಳೂ ಹೀಗೆಯೇ ಒಂದನ್ನೊಂದು ಅವಲಂಬಿಸಿವೆ. ಒಂದನ್ನು ಬೇಡವೆಂದು ಕೈಬಿಟ್ಟಾಗ ಅದರ ಆಸರೆಯಲ್ಲಿದ್ದ ಇನ್ನಾವುದು ಬಿದ್ದುಹೋಗುವುದೆಂಬುದನ್ನು ಬಲ್ಲವನೇ ನಿಜವಾದ ಕುಶಲಿ.

ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲೀನಕ್ಸ್ ಎಂಬ ವ್ಯವಸ್ಥೆಯಲ್ಲಿ ಈ ಆಯ್ಕೆಯು ಪ್ರಶ್ನೋತ್ತರದ ರೂಪದಲ್ಲಿ ನಡೆಯುತ್ತದೆ. ಪ್ರತಿಯೊಂದು ಘಟಕದ ಬಗೆಗೂ ಪ್ರಶ್ನೆಯಿರುತ್ತದೆ; ಅನೇಕ ಪ್ರಶ್ನೆಗಳಿಗೆ ಮೂರು ಉತ್ತರಗಳು ಸಾಧ್ಯ: ಬೇಕು, ಬೇಡ, ಅಥವಾ ಬೇರೆಯಾಗಿ ಇಟ್ಟಿರಲಿ, ಅಗತ್ಯ ಬಿದ್ದಾಗ ಸೇರಿಸಿಕೊಳ್ಳಲಾಗುವುದು. ಉತ್ತರಗಳೆಲ್ಲ ಒಂದು ಪಟ್ಟಿಯಲ್ಲಿ ದಾಖಲಾಗುತ್ತವೆ. ಆ ಪಟ್ಟಿಯಂತೆ ಘಟಕಗಳು ಯಂತ್ರಭಾಷೆಗೆ ಪರಿವರ್ತನೆಯಾಗಿ ಒಂದಾಗಿ ಬೆಸೆಯಲ್ಪಡುತ್ತವೆ. ಈ ಪರಿವರ್ತನೆ ನಡೆಯುವುದು ಸಾಮಾನ್ಯವಾಗಿ ಪುಟ್ಟ ಗಣಕದಲ್ಲಲ್ಲ. ಅದಕ್ಕೆ ಆ ಶಕ್ತಿಯೆಲ್ಲಿ? ದೊಡ್ಡ ಗಣಕವೊಂದು ತನಗೆ ಸೇರದ ಆ ಚಿಕ್ಕದರ ಭಾಷೆಯಲ್ಲಿ ಅಡುಗೆಯನ್ನು ಸಿದ್ಧಮಾಡಿ, ಬುತ್ತಿಯನ್ನು ಅದರ ಸ್ಮೃತಿಗೆ ಇಳಿಸುತ್ತದೆ.

ಬೆಂಗಳೂರಿನಲ್ಲಿಯೇ ಇಂಥ ಬುತ್ತಿಯೊಂದನ್ನು ಕಟ್ಟಿದ ಕಥೆಯಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾಗಿದ್ದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರೂ ಎನ್‌ಕೋರ್ ಸಂಸ್ಥೆಯ ವಿನಯ್ ದೇಶಪಾಂಡೆ ಮತ್ತು ಅವರ ಸಂಗಡಿಗರೂ ಕೂಡಿ ‘ಸಿಂಪ್ಯೂಟರ್’ ಎಂಬ ಅಂಗೈ ಗಣಕವನ್ನು ರೂಪಿಸಿದರು. ಅದರ ಮಾದರಿಯು 2001ರಲ್ಲಿ ಜನರೆದುರಿಗೆ ಬಂದಿತು. ಓದುಬರಹ ಬಾರದ ಗ್ರಾಮಸ್ಥನಿಗೂ ಅದು ಒದಗಬೇಕೆಂಬುದು ಅವರ ಹಂಬಲ. ಹಣವಿಲ್ಲದವನು ಗಣಕವನ್ನು ಕೊಳ್ಳಲಾರನಾದ್ದರಿಂದ ಊರಿಗೊಂದು ಯಂತ್ರವಿದ್ದು, ಪ್ರತಿಯೊಬ್ಬನ ಬಳಿ ಅವನ ವಿವರಗಳನ್ನುಳ್ಳ ಚಿಕ್ಕದೊಂದು ಕಾರ್ಡು ಇರಲಿ ಎಂದು ಯೋಚಿಸಿದರು.

ಲೀನಕ್ಸನ್ನೇ ಆರಿಸಿಕೊಂಡ ಆ ಯಂತ್ರದಲ್ಲಿ ತಿರುಗುವ ಡಿಸ್ಕು ಇರಲಿಲ್ಲ, ಕೀಲಿಮಣೆಯೂ ಇರಲಿಲ್ಲ. ಅವನ್ನು ನಡೆಸುವ ಘಟಕಗಳು ಅದಕ್ಕೆ ಹೊರೆಯೇ ಸರಿ. ಅದರ ಬದಲಾಗಿ ಕಡ್ಡಿಯಿಂದ ಮುಟ್ಟಿದರೆ ಅರಿಯುವ ತೆರೆ, ಕಾರ್ಡನ್ನು ಓದುವ ಸಾಧನ ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ದನಿ, ಇವು ಬೇಕಾಗಿದ್ದವು. ಬರೆದುದನ್ನು ಕನ್ನಡ ಮೊದಲಾದ ಭಾರತೀಯ ಭಾಷೆಗಳಲ್ಲಿ ಓದಿಹೇಳುವ ತಂತ್ರಾಂಶವನ್ನು ರಮೇಶ್ ಹರಿಹರನ್ ಸಿದ್ಧಗೊಳಿಸಿದರು. ಕೋಶವು ಕಿರಿದು, ಇಡೀ ಶಬ್ದಗಳನ್ನು ಧ್ವನಿಮುದ್ರಿಸಿಡುವುದು ಆಗದ ಮಾತು. ಆದ್ದರಿಂದ ಉಚ್ಚಾರದ ಸಣ್ಣ ತುಣುಕುಗಳನ್ನು ಮಾತ್ರ ಮುದ್ರಿಸಿ, ಸಂಕೋಚಿಸಿ ಇಟ್ಟು, ಬೇಕಾದಾಗ ಜೋಡಿಸಿ ನುಡಿಸುವ ವಿಧಾನವನ್ನು ಅನುಸರಿಸಲಾಯಿತು. ಬರೆದಂತೆಯೇ ಓದುವ ಕನ್ನಡದ ಗುಣ ಇದಕ್ಕೆ ಅನುಕೂಲವಾಗಿ ಪರಿಣಮಿಸಿತು. ದೊಡ್ಡ ಗಣಕಗಳಲ್ಲಿ ಅಲಂಕಾರವೆನಿಸುವ ದನಿಯು ಇಲ್ಲಿ ಅನ್ನದಂತೆ ಅವಶ್ಯಕವಾಗಿತ್ತು. ಸಿಂಪ್ಯೂಟರ್ ನಿರೀಕ್ಷಿಸಿದಷ್ಟು ಸಂಖ್ಯೆಯಲ್ಲಿ ಮಾರಾಟವಾಗಲಿಲ್ಲ. ಆದರೂ ಯಾರಿಗಾಗಿ ಕಟ್ಟುತ್ತಿದ್ದೇವೆಂಬುದನ್ನು ಮೊದಲು ನಿಶ್ಚಯಿಸಿಕೊಂಡು ಆಮೇಲೆ ಘಟಕಗಳನ್ನು ಆರಿಸಿದವರ ವಿವೇಕವು ಮಾರಾಟದ ಲೆಕ್ಕದಿಂದ ಅಳೆಯತಕ್ಕದ್ದಲ್ಲ.

ಬೇಕು ಬೇಡಗಳ ಒಂದು ಸಣ್ಣ ಉತ್ತರವು ಎಂತಹ ಪರಿಣಾಮವನ್ನುಂಟುಮಾಡಬಲ್ಲುದೆಂಬುದಕ್ಕೆ ಪ್ರಸಿದ್ಧವಾದ ನಿದರ್ಶನವೊಂದು ಇದಕ್ಕೆ ಕೆಲವು ವರ್ಷಗಳ ಮೊದಲೇ, ಭೂಮಿಯಿಂದ ಬಹುದೂರದಲ್ಲಿ ಸಂಭವಿಸಿತ್ತು. ಅಮೆರಿಕೆಯ ಪಾತ್‌ಫೈಂಡರ್ ನೌಕೆಯು 1997ರ ಜುಲೈ 4ರಂದು ಮಂಗಳಗ್ರಹದ ಮೇಲೆ ಇಳಿಯಿತು. ಅದರ ಗಣಕವನ್ನು ವಿಎಕ್ಸ್‌ವರ್ಕ್ಸ್ ಎಂಬ ಅಂತರ್ಗತ ಕಾರ್ಯಾಚರಣ ವ್ಯವಸ್ಥೆಯು ನಡೆಸುತ್ತಿತ್ತು. ಮೊದಲು ಎಲ್ಲವೂ ಸುಸೂತ್ರವಾಗಿ ಸಾಗಿತು. ನೌಕೆಯು ಹವಾಮಾನದ ವಿವರಗಳನ್ನು ಸಂಗ್ರಹಿಸತೊಡಗಿದ ಕೆಲವು ದಿನಗಳಲ್ಲಿ ಗಣಕವು ಇದ್ದಕ್ಕಿದ್ದಂತೆ ತನ್ನ ಕೆಲಸವನ್ನೆಲ್ಲ ಬಿಟ್ಟು, ನಿದ್ದೆಯಿಂದ ಎದ್ದಂತೆ ಮೊದಲಿನಿಂದ ಆರಂಭಿಸತೊಡಗಿತು. ಹೀಗೆ ಒಮ್ಮೆಯಲ್ಲ, ಮತ್ತೆ ಮತ್ತೆ. ಪ್ರತಿ ಸಲವೂ ಆ ದಿನದ ಉಳಿದ ಕಾರ್ಯ ಮರುದಿನಕ್ಕೆ ಮುಂದೂಡಲ್ಪಡುತ್ತಿತ್ತು.

ಕಾರಣವನ್ನು ಹಳ್ಳಿಯ ಬಾವಿಯೊಂದರ ದೃಷ್ಟಾಂತದಿಂದ ತಿಳಿಯಬಹುದು. ಬಾವಿಗೆ ಇರುವುದು ಒಂದೇ ಹಗ್ಗ. ಹುಡುಗನೊಬ್ಬನು ಹೂಗಿಡಗಳಿಗೆ ನೀರೆರೆಯಲು ಅದನ್ನು ಹಿಡಿದಿದ್ದಾನೆ. ಅಷ್ಟರಲ್ಲಿ ಮನೆಗೆ ಬೆಂಕಿ ಬಿದ್ದವನೊಬ್ಬನು ಹಗ್ಗಕ್ಕಾಗಿ ಓಡಿಬಂದು ಕಾಯುತ್ತಾನೆ. ಹುಡುಗನು ಒಂದು ಕೊಡ ಸೇದಿ ಹಗ್ಗವನ್ನು ಬಿಟ್ಟುಕೊಡಬೇಕು. ಅಷ್ಟರಲ್ಲಿ ಹುಡುಗನಿಗಿಂತ ದೊಡ್ಡವರಾದ ಯಾರೋ ಅವನನ್ನು ಬೇರೆ ಮಾತಿಗೆ ನಿಲ್ಲಿಸಿಕೊಳ್ಳುತ್ತಾರೆ. ಹಗ್ಗ ಹುಡುಗನ ಕೈಯಲ್ಲಿಯೇ ಉಳಿಯುತ್ತದೆ, ಮನೆ ಉರಿಯುತ್ತದೆ. ನೌಕೆಯಲ್ಲಿ ಹವಾಮಾನದ ಕೆಲಸವೇ ಆ ಹುಡುಗ. ಮಾಹಿತಿಯನ್ನು ಸಕಾಲಕ್ಕೆ ಹಂಚಬೇಕಾದ ಮುಖ್ಯ ಕೆಲಸವು ಬೆಂಕಿ ಬಿದ್ದವನು. ಭೂಮಿಯೊಡನೆ ಸಂಪರ್ಕ ಮೊದಲಾದ ದೀರ್ಘವಾದ ಮಧ್ಯಮ ಕೆಲಸಗಳು ಮಾತಿಗೆ ನಿಲ್ಲಿಸಿಕೊಂಡವರು. ಮುಖ್ಯ ಕೆಲಸ ಮುಗಿದಿಲ್ಲವೆಂಬುದನ್ನು ಕಂಡ ಕಾವಲು ವ್ಯವಸ್ಥೆಯು ಅಪಾಯವೆಂದು ಬಗೆದು ಗಣಕವನ್ನು ಪುನಃ ಆರಂಭಿಸುತ್ತಿತ್ತು.

ಇದಕ್ಕೆ ಪರಿಹಾರವು ಆ ವೇಳೆಗಾಗಲೇ ತಿಳಿದಿತ್ತು. ಲುಯಿ ಶಾ, ಭಾರತೀಯ ಮೂಲದ ರಾಗುನಾಥನ್ ರಾಜ್‌ಕುಮಾರ್ ಮತ್ತು ಜಾನ್ ಲೆಹೋಟ್ಸ್ಕಿ ಎಂಬ ವಿದ್ವಾಂಸರು 1990ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನು ವಿವರಿಸಿದ್ದರು. ಹುಡುಗನ ಕೈಯಲ್ಲಿ ಹಗ್ಗವಿರುವವರೆಗೆ, ಕಾಯುತ್ತಿರುವವನ ಹಿರಿಮೆಯೇ ಹುಡುಗನಿಗೂ ಬರತಕ್ಕದ್ದು. ಆಗ ನಡುವಿನವರು ಅವನನ್ನು ತಡೆಯಲಾರರು. ಈ ಏರ್ಪಾಟು ವಿಎಕ್ಸ್‌ವರ್ಕ್ಸ್‌ನಲ್ಲಿಯೂ ಇತ್ತು. ಆದರೆ ಅದು ಆಯ್ಕೆಯ ವಿಷಯ. ಆ ಒಂದು ಸ್ಥಳದಲ್ಲಿ ಉತ್ತರವು ‘ಬೇಡ’ ಎಂದೇ ಉಳಿದುಹೋಗಿತ್ತು.

ಕ್ಯಾಲಿಫೋರ್ನಿಯದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದಲ್ಲಿ ತಂತ್ರಾಂಶದ ತಂಡದ ನಾಯಕರಾಗಿದ್ದ ಗ್ಲೆನ್ ರೀವ್ಸ್ ಮತ್ತು ಅವರ ಜೊತೆಗಾರರು ನೌಕೆಯದೇ ಪ್ರತಿರೂಪವಾದ ಗಣಕವನ್ನು ನಡೆಸಿ ದೋಷವು ಮರುಕಳಿಸುವವರೆಗೆ ಕಾದರು. ಆಗ ಅವರಿಗೆ ನೆರವಾದದ್ದು ವಿಚಿತ್ರವಾದ ಸಂಗತಿ. ಗಣಕದೊಳಗಿನ ಪ್ರತಿಯೊಂದು ಘಟನೆಯನ್ನೂ ಕ್ರಮವಾಗಿ ಬರೆದಿಡುವ ಪರೀಕ್ಷಣ ಘಟಕಗಳನ್ನು ಯಾತ್ರೆಗೆ ಮುಂಚೆ ಅನಗತ್ಯವೆಂದು ತೆಗೆದುಹಾಕಬಹುದಾಗಿತ್ತು. ಆದರೆ ಯಾವುದನ್ನು ಪರೀಕ್ಷಿಸಲಾಗಿದೆಯೋ ಅದನ್ನೇ ಹಾರಿಸಬೇಕೆಂಬ ನಿಯಮವನ್ನು ಅವರು ಪಾಲಿಸಿದ್ದರಿಂದ ಅವು ಹಾಗೆಯೇ ಉಳಿದಿದ್ದವು. ಬುತ್ತಿಯಲ್ಲಿ ಹೆಚ್ಚೆಂದು ತೋರಿದ್ದೇ ಕೊನೆಗೆ ಒದಗಿತು. ದಾಖಲೆಯನ್ನು ಪರಿಶೀಲಿಸಿ ಕಾರಣವನ್ನು ಕಂಡುಹಿಡಿದ ಮೇಲೆ, ಆ ‘ಬೇಡ’ವನ್ನು ‘ಬೇಕು’ ಎಂದು ಬದಲಾಯಿಸಿದರೆ ಬೇರೆಲ್ಲಿಯಾದರೂ ಕೆಡುಕಾಗುವುದೇ ಎಂದು ಭೂಮಿಯ ಮೇಲೆಯೇ ಪರೀಕ್ಷಿಸಿದರು. ಅನಂತರ ತಿದ್ದುಪಡಿಯನ್ನು ರೇಡಿಯೊ ಅಲೆಗಳ ಮೂಲಕ ಮಂಗಳಕ್ಕೆ ಕಳುಹಿಸಿದರು.

ಗಣಕವು ಆ ಕಾರಣದಿಂದ ಮತ್ತೆ ಎಡವಲಿಲ್ಲ. ಒಂದು ತಿಂಗಳ ಕೆಲಸಕ್ಕೆಂದು ಹೋಗಿದ್ದ ಪಾತ್‌ಫೈಂಡರ್ 1997ರ ಸೆಪ್ಟೆಂಬರ್ ತಿಂಗಳ ಕೊನೆಯವರೆಗೂ ಭೂಮಿಯೊಡನೆ ಮಾತನಾಡುತ್ತಿದ್ದು, ಅಷ್ಟರೊಳಗೆ ಮಂಗಳದ ನೆಲ ಮತ್ತು ಆಕಾಶಗಳ 16,500ಕ್ಕೂ ಹೆಚ್ಚು ಚಿತ್ರಗಳನ್ನು ಕಳುಹಿಸಿಕೊಟ್ಟಿತು.